ಎಂಜಿನಿಯರಿಂಗ್‌ನಿಂದ ಕ್ವಾಂಟ್ ಕೆಲಸಕ್ಕೆ: ಯಾವ ಪದವಿ, ಯಾರ ದುಡ್ಡಿನಲ್ಲಿ?

ಪ್ರಶ್ನೆ: ನಾನು ಜಮಖಂಡಿಯವನು. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ನಾಲ್ಕು ವರ್ಷಗಳಿಂದ ಪುಣೆ ಹತ್ತಿರದ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ವಾರಂಟಿ ಅವಧಿಯಲ್ಲಿ ಕೆಟ್ಟು ವಾಪಸ್ ಬರುವ ಭಾಗಗಳ ಲೆಕ್ಕ ಇಡುವುದು, ಕಾರಣ ಹುಡುಕುವುದು ನನ್ನ ಕೆಲಸ. ವಾಸ ಭೋಸರಿಯಲ್ಲಿ. ಗಣಿತ ಮೊದಲಿನಿಂದಲೂ ಇಷ್ಟ. ರೂಮಿನ ಗೆಳೆಯರು ಮೊಬೈಲ್‌ನಲ್ಲಿ ಆಪ್ಷನ್ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ವ್ಯವಹಾರ ಮಾಡುವುದನ್ನು ನೋಡಿ ಕುತೂಹಲದಿಂದ ಓದತೊಡಗಿದಾಗ ಗಣಿತದಿಂದ ಹಣಕಾಸಿನ ಬೆಲೆ, ಅಪಾಯಗಳನ್ನು ಲೆಕ್ಕಹಾಕುವ ಕ್ವಾಂಟ್ ಎಂಬ ಉದ್ಯೋಗವೊಂದಿದೆ ಎಂದು ತಿಳಿಯಿತು. ಅಮೆರಿಕದಲ್ಲಿ ಫೈನಾನ್ಷಿಯಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಬೇಕೆಂಬ ಆಸೆಯಿದೆ. ನಿವೃತ್ತ ಶಿಕ್ಷಕರಾದ ಅಪ್ಪ, ಮನೆ ಅಡವಿಟ್ಟಾದರೂ ಸಾಲ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಹಣಕಾಸು ವಿಷಯವನ್ನೇ ಓದದ ನನಗೆ ಸೀಟು ಸಿಗುತ್ತದೆಯೇ? ಭಾರತದಲ್ಲೇ ಓದಿದರೆ ಇಂಥ ಕೆಲಸ ಸಿಗಬಹುದೇ? ನನಗೀಗ 27 ವರ್ಷ. ತಡವಾಯಿತೇ?

ಉತ್ತರ: ಮನೆ ಅಡವಿಡುವ ಮಾತನ್ನು ಸದ್ಯಕ್ಕೆ ಬದಿಗಿಡಿ, ಅಪ್ಪನವರಿಗೂ ಹಾಗೆಯೇ ಹೇಳಿ. ಅಂಥ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ಅದನ್ನು ಸಂಪಾದಿಸಲು ಒಂದು ರೂಪಾಯಿ ಸಾಲವೂ ಬೇಕಾಗಿಲ್ಲ.

ಬ್ಯಾಂಕುಗಳು ಬಳಸುವ ಲೆಕ್ಕಾಚಾರದ ಮಾದರಿಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಮುಂಬೈಯಲ್ಲಿ ಬಹುಕಾಲ ಕಳೆದವನು ನಾನು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಕಾರ್ಯಕ್ರಮಗಳಿಗೆ ಹೋದಾಗ ಹುಬ್ಬಳ್ಳಿ, ವಿಜಯಪುರ, ದಾವಣಗೆರೆ ಕಡೆಯ ಎಂಜಿನಿಯರ್ ಹುಡುಗ ಹುಡುಗಿಯರು ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ. ಹೆಚ್ಚಿನವರು 'ನನಗೆ ಹಣಕಾಸು ಗೊತ್ತಿಲ್ಲ' ಎಂದೇ ಮಾತು ಆರಂಭಿಸುತ್ತಾರೆ. ಸಂದರ್ಶನ ಮಾಡುವವರ ಮೇಜಿನ ಈಚೆ ಕುಳಿತು ನಾನು ಕಂಡದ್ದು ಬೇರೆ. ಬಾಂಡ್ ಎಂದರೇನು, ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ನಿಗದಿ ಮಾಡುವ ಫ್ಯೂಚರ್ಸ್ ಹೇಗೆ ನಡೆಯುತ್ತದೆ ಎಂಬುದನ್ನು ಬುದ್ಧಿವಂತ ಎಂಜಿನಿಯರ್ ಕೆಲವೇ ತಿಂಗಳಲ್ಲಿ ಕಲಿಯುತ್ತಾನೆ. ಅವನು ಎಡವುವುದು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದಲ್ಲಿ. ನಮ್ಮ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಅದು ಯಾವುದೋ ಸೆಮಿಸ್ಟರಿನ ಗಣಿತ ಪತ್ರಿಕೆಯ ಕೊನೆಯ ಘಟಕ. ಪರೀಕ್ಷೆಗೆ ನಾಲ್ಕು ಸೂತ್ರ ಬಾಯಿಪಾಠ ಮಾಡಿ ದಾಟಿಬಿಡುತ್ತೇವೆ. ಕ್ವಾಂಟ್ ಕೆಲಸಕ್ಕೆ ಅದೇ ಅಡಿಪಾಯ. ಹಾಗಾಗಿ ಯಾವುದೇ ಸ್ನಾತಕೋತ್ತರ ಕೋರ್ಸ್ ಬಗ್ಗೆ ಯಾರು ಕೇಳಿದರೂ ನಾನು ಮೊದಲು ನೋಡುವುದು, ಅದು ಸಂಭವನೀಯತೆಯನ್ನು ಎಷ್ಟು ಆಳವಾಗಿ ಕಲಿಸುತ್ತದೆ ಎಂಬುದನ್ನು. ಹೆಸರು, ಊರು, ಸಂಬಳದ ಪಟ್ಟಿ ಎಲ್ಲವೂ ಆಮೇಲೆ.

ನಿಮ್ಮಲ್ಲಿ ಈಗಾಗಲೇ ಇರುವುದೇನು ಎಂಬುದನ್ನು ಮೊದಲು ಹೇಳುತ್ತೇನೆ, ಅದು ಕಡಿಮೆಯೇನಲ್ಲ. ಹೀಟ್ ಟ್ರಾನ್ಸ್‌ಫರ್ ಪತ್ರಿಕೆಯಲ್ಲಿ ಲೋಹದ ಸರಳಿನ ಉದ್ದಕ್ಕೂ ಶಾಖ ಹರಡುವ ಅವಕಲ ಸಮೀಕರಣವನ್ನು ಬಿಡಿಸಿದ್ದೀರಿ. 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರಾನ್ ಶೋಲ್ಸ್ ಆಪ್ಷನ್‌ಗಳ ಬೆಲೆಗೆ ಕೊಟ್ಟ ಸಮೀಕರಣದ ಚಲಕಗಳನ್ನು ಸ್ವಲ್ಪ ಬದಲಾಯಿಸಿ ಬರೆದರೆ ಸಿಗುವುದು ಅದೇ ಶಾಖದ ಸಮೀಕರಣ. ಇಲ್ಲಿ ಕಾಲವನ್ನು ಒಪ್ಪಂದ ಮುಗಿಯುವ ದಿನದಿಂದ ಹಿಂದಕ್ಕೆ ಅಳೆಯುತ್ತೇವೆ, ಅಷ್ಟೇ. ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕೋಲ್ಸನ್ 1947ರಲ್ಲಿ ಶಾಖದ ಹರಿವನ್ನು ಲೆಕ್ಕಹಾಕಲು ರೂಪಿಸಿದ ವಿಧಾನವನ್ನು ಇಂದೂ ಆಪ್ಷನ್ ಬೆಲೆ ಕಟ್ಟಲು ಬಳಸುತ್ತಾರೆ. ಅದೇ ಸಿದ್ಧಾಂತವನ್ನು ಬೆಳೆಸಿ ಶೋಲ್ಸ್ ಜೊತೆ 1997ರ ನೊಬೆಲ್ ಹಂಚಿಕೊಂಡ ರಾಬರ್ಟ್ ಮರ್ಟನ್ ಅವರ ಮೊದಲ ಪದವಿ ಕೊಲಂಬಿಯಾದಲ್ಲಿ ಪಡೆದ ಎಂಜಿನಿಯರಿಂಗ್ ಗಣಿತದ್ದು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಪರಿಚಿತವಾದ ಕಾಲ್ಮನ್ ಫಿಲ್ಟರ್ (ತಪ್ಪು ಬೆರೆತ ಅಳತೆಗಳಿಂದ ನಿಜಸ್ಥಿತಿಯನ್ನು ಅಂದಾಜಿಸುವ ವಿಧಾನ) ಕೂಡ ಈ ಕ್ಷೇತ್ರದಲ್ಲಿ ದಿನನಿತ್ಯದ ಉಪಕರಣ. ಹಾಗಾಗಿ ಸೀಟಿನ ಪ್ರಶ್ನೆಗೆ ಉತ್ತರ ಸರಳ: ಇಂಥ ಕೋರ್ಸ್‌ಗಳು ಎಂಜಿನಿಯರುಗಳನ್ನು ಧಾರಾಳವಾಗಿ ತೆಗೆದುಕೊಳ್ಳುತ್ತವೆ. ಹಣಕಾಸು ಓದಿಲ್ಲ ಎಂಬುದು ಅಡ್ಡಿಯಾಗದು. ಅವರು ನೋಡುವುದು ಕಲನಶಾಸ್ತ್ರ, ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ ಮತ್ತು ಪ್ರೋಗ್ರಾಮಿಂಗ್.

ಆದರೆ ಎಂಜಿನಿಯರ್ ಜೊತೆಗೆ ತರುವ ಒಂದು ಅಭ್ಯಾಸ ಇಲ್ಲಿ ಅಪಾಯಕಾರಿ. ಉಕ್ಕಿನ ಸ್ಥಿತಿಸ್ಥಾಪಕತೆಯ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಇಂದೂ ಅಷ್ಟೇ, ನಾಳೆಯೂ ಅಷ್ಟೇ, ಚಾಕಣದಲ್ಲೂ ಅಷ್ಟೇ, ಚಿಕಾಗೊದಲ್ಲೂ ಅಷ್ಟೇ. ಮಾರುಕಟ್ಟೆಯಲ್ಲಿ ಅಂಥ ಸ್ಥಿರಾಂಕ ಒಂದೂ ಇಲ್ಲ. ಬೆಲೆಯ ಏರಿಳಿತದ ಪ್ರಮಾಣ, ಎರಡು ಷೇರುಗಳ ನಡುವಿನ ಸಂಬಂಧ, ಬಡ್ಡಿದರ ಎಲ್ಲವೂ ಬದಲಾಗುತ್ತವೆ. ನೀವು ಅಳೆಯುತ್ತಿದ್ದೀರಿ ಎಂದು ಗೊತ್ತಾದರೆ ಜನ ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆ.

2020ರ ಏಪ್ರಿಲ್ 20ನ್ನು ನೆನಪಿಸಿಕೊಳ್ಳಿ. ಕೊರೊನಾ ಕಾಲದಲ್ಲಿ ತೈಲ ಕೊಳ್ಳುವವರಿಲ್ಲದೆ, ಸಂಗ್ರಹಿಸಿಡಲು ಜಾಗವೂ ಸಾಲದೆ, ಅಮೆರಿಕದ ಕಚ್ಚಾತೈಲದ ಮೇ ತಿಂಗಳ ಫ್ಯೂಚರ್ಸ್ ಬೆಲೆ ಆ ದಿನ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಇಳಿಯಿತು. ಅದಕ್ಕೆ ಜೋಡಿಸಿದ್ದ ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನ ಒಪ್ಪಂದ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಅಲ್ಲಿಯವರೆಗೆ ತೈಲದ ಆಪ್ಷನ್‌ಗಳಿಗೆ ಬಳಸುತ್ತಿದ್ದ ಸೂತ್ರದಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿಯಲು ಸಾಧ್ಯವೇ ಇರಲಿಲ್ಲ. ಅದರೊಳಗೆ ಬೆಲೆಯ ಲಾಗರಿದಮ್ ಕುಳಿತಿತ್ತು, ಋಣಸಂಖ್ಯೆಗೆ ಲಾಗರಿದಮ್ ಇಲ್ಲ. ಚಿಕಾಗೊದ ವಿನಿಮಯ ಕೇಂದ್ರ ಅದೇ ವಾರ ಬೇರೆ ಸೂತ್ರಕ್ಕೆ ಹೊರಳಿತು. ಆ ಸೂತ್ರದ ಮೂಲ ಲೂಯಿ ಬಷೆಲಿಯೆ ಎಂಬ ಫ್ರೆಂಚ್ ಗಣಿತಜ್ಞ 1900ರಲ್ಲಿ ಪ್ಯಾರಿಸ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿದೆ. ಯಾವ ಮಾದರಿ ಯಾವ ಊಹೆಯ ಮೇಲೆ ನಿಂತಿದೆ, ಆ ಊಹೆ ಮುರಿದುಬಿದ್ದರೆ ಏನಾಗುತ್ತದೆ ಎಂದು ಕೇಳಬಲ್ಲವನೇ ಈ ಕೆಲಸಕ್ಕೆ ಬೇಕಾದವನು. ಹಾಗೆ ಕೇಳುವ ಭಾಷೆ ಸಂಭವನೀಯತೆ.

ನಿಮ್ಮ ಸ್ಥಿತಿ ಹೇಗಿದೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ನಾಣ್ಯವನ್ನು ಚಿಮ್ಮುತ್ತಾ ಹೋಗಿ. ಸತತವಾಗಿ ಎರಡು 'ತಲೆ' ಬೀಳಲು ಸರಾಸರಿ ಎಷ್ಟು ಬಾರಿ ಚಿಮ್ಮಬೇಕು? 'ತಲೆ', ಅದರ ಬೆನ್ನಿಗೇ 'ಬಾಲ' ಬೀಳಲು ಎಷ್ಟು? ಮೊದಲನೆಯದಕ್ಕೆ ಉತ್ತರ 6, ಎರಡನೆಯದಕ್ಕೆ 4. ಎರಡು ಚಿಮ್ಮುವಿಕೆಯಲ್ಲಿ ಎರಡಕ್ಕೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದೇ ಆದರೂ ಕಾಯುವ ಹೊತ್ತು ಬೇರೆ. ಮೊದಲ ತಲೆ ಬಿದ್ದ ಮೇಲೆ ತಪ್ಪಿದರೆ ಒಂದು ಆಟದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇನ್ನೊಂದರಲ್ಲಿ ತಪ್ಪಿ ಬಿದ್ದದ್ದೂ ತಲೆಯೇ ಆದ್ದರಿಂದ ಅರ್ಧ ದಾರಿ ಕೈಯಲ್ಲೇ ಉಳಿಯುತ್ತದೆ. ಈ ವಿವರಣೆ ಓದಿ ನಿಮಗೆ ಖುಷಿಯಾಗಿ, ಕಾಗದ ತೆಗೆದು ಸಮೀಕರಣ ಬರೆಯಬೇಕೆನಿಸಿದರೆ ಒಳ್ಳೆಯ ಲಕ್ಷಣ. ತಲೆನೋವು ಎನಿಸಿದರೆ ಅದನ್ನೂ ಪ್ರಾಮಾಣಿಕವಾಗಿ ಗಮನಿಸಿ. ಮುಂದಿನ ಎರಡು ವರ್ಷ ಇಂಥದ್ದನ್ನೇ, ಇದಕ್ಕಿಂತ ಕಠಿಣವಾದದ್ದನ್ನೇ ಓದಬೇಕಾಗುತ್ತದೆ.

ಇನ್ನು, ಕ್ವಾಂಟ್ ಎಂಬುದು ಒಂದೇ ಉದ್ಯೋಗವಲ್ಲ. ಯಾವುದು ಬೇಕೆಂದು ತೀರ್ಮಾನಿಸದೆ ಪದವಿ ಆರಿಸಲು ಹೊರಡುವುದೇ ಬಹಳ ಜನರಿಗೆ ದುಬಾರಿಯಾಗುತ್ತಿದೆ. ಸ್ವಂತ ಬಂಡವಾಳ ಹೂಡಿ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಆರ್ಡರ್ ಹಾಕುವ ಅತಿವೇಗದ ಕಂಪನಿಗಳಿವೆ. ಹೆಚ್ಚು ಸಂಬಳದ ಸುದ್ದಿ ಬರುವುದು ಅಲ್ಲಿಂದಲೇ. ಅವರು ಬಹುಮಟ್ಟಿಗೆ ಐಐಟಿಗಳ ಕ್ಯಾಂಪಸ್‌ನಿಂದ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರನ್ನು ಆರಿಸಿಕೊಳ್ಳುತ್ತಾರೆ. ಒಗಟು ಬಿಡಿಸುವ ಚುರುಕು, ಸಿ++ ಮೇಲಿನ ಹಿಡಿತ ಇವೇ ಅವರ ಅಳತೆ. ಆ ಬಾಗಿಲು ನಿಮಗೆ ಮುಚ್ಚಿದೆ ಎನ್ನುವುದಿಲ್ಲ, ಆದರೆ ಅದನ್ನೇ ನಂಬಿ ಸಾಲ ಮಾಡಬೇಡಿ. ಬ್ಯಾಂಕುಗಳಲ್ಲಿ ಆಪ್ಷನ್, ಫ್ಯೂಚರ್ಸ್ ಮುಂತಾದ ಡೆರಿವೇಟಿವ್‌ಗಳಿಗೆ ಬೆಲೆ ಕಟ್ಟುವ ತಂಡಗಳು ಇನ್ನೊಂದು ಬಗೆ. ನನ್ನದು ಮೂರನೆಯ ಬಗೆ, ಮಾಡೆಲ್ ವ್ಯಾಲಿಡೇಷನ್: ಬೇರೆಯವರು ಕಟ್ಟಿದ ಮಾದರಿಯನ್ನು ಸ್ವತಂತ್ರವಾಗಿ ಪರೀಕ್ಷಿಸಿ, ಎಲ್ಲಿ ತಪ್ಪುತ್ತದೆ ಎಂದು ಬರೆದು ಕೊಡುವ ಕೆಲಸ.

ಇದಕ್ಕೆ ಬೇಡಿಕೆ ಏಕೆ ಎಂಬುದಕ್ಕೆ 2012ರ 'ಲಂಡನ್ ವೇಲ್' ಪ್ರಕರಣವೊಂದೇ ಸಾಕು. ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ಒಂದು ತಂಡ 600 ಕೋಟಿ ಡಾಲರ್‌ಗೂ ಹೆಚ್ಚು ಕಳೆಯಿತು. ಅಪಾಯದ ಅಳತೆಗೆಂದು ಹೊಸದಾಗಿ ತಂದಿದ್ದ ಮಾದರಿ ಎಕ್ಸೆಲ್ ಹಾಳೆಗಳಲ್ಲಿ, ಕೈಯಿಂದ ಅಂಕಿ ನಕಲು ಮಾಡಿ ಅಂಟಿಸುವ ರೀತಿಯಲ್ಲಿ ನಡೆಯುತ್ತಿತ್ತು. ಅದರ ಒಂದು ಲೆಕ್ಕದಲ್ಲಿ ಎರಡು ದರಗಳ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಿದ್ದರು. ಏರಿಳಿತ ಇರುವುದಕ್ಕಿಂತ ಅರ್ಧದಷ್ಟು ಕಂಡಿತು. ಇದನ್ನು ಬ್ಯಾಂಕೇ ತನ್ನ ತನಿಖಾ ವರದಿಯಲ್ಲಿ ಬರೆದಿದೆ. ವಾಪಸ್ ಬಂದ ಭಾಗವನ್ನು ಬಿಚ್ಚಿ, ಬಿರುಕು ಎಲ್ಲಿಂದ ಹೊರಟಿತು ಎಂದು ಹುಡುಕುವ ನಿಮಗೆ ಈ ಕೆಲಸದ ಮನೋಧರ್ಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮುಂಬೈಯ ಗೋರೆಗಾಂವ್, ಪವಾಯಿ, ಪುಣೆಯ ಖರಾಡಿಗಳಲ್ಲಿರುವ ವಿದೇಶಿ ಬ್ಯಾಂಕುಗಳ ಕಚೇರಿಗಳಲ್ಲಿ ಇಂಥ ತಂಡಗಳಿವೆ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣಿಗೆ ಬಿದ್ದ ಪದ 'ವಾರಂಟಿ'. ನೀವು ಅದನ್ನು ದಾಟಿ ಆಪ್ಷನ್ ಕಡೆಗೆ ಹೋಗಿಬಿಟ್ಟಿದ್ದೀರಿ. ಸ್ವಲ್ಪ ನಿಲ್ಲಿ. ಬಿಡಿಭಾಗ ಎಷ್ಟು ತಿಂಗಳಿಗೆ ಕೆಡುತ್ತದೆ ಎಂಬ ಲೆಕ್ಕಕ್ಕೆ ನೀವು ವೈಬುಲ್ ವಿತರಣೆ ಬಳಸುತ್ತಿರಬೇಕು. ಇಷ್ಟು ದಿನ ಕೆಡದೆ ಉಳಿದ ಭಾಗ ಮುಂದಿನ ತಿಂಗಳು ಕೆಡುವ ಸಾಧ್ಯತೆ ಎಷ್ಟು ಎಂಬ ದರವನ್ನೂ ತೆಗೆಯುತ್ತಿರಬೇಕು. ಬ್ಯಾಂಕಿನ ಸಾಲ ವಿಭಾಗದಲ್ಲಿ, ಇಷ್ಟು ಕಂತು ಕಟ್ಟಿದ ಗ್ರಾಹಕ ಮುಂದಿನ ತಿಂಗಳು ತಪ್ಪಿಸುವ ಸಾಧ್ಯತೆ ಎಷ್ಟು ಎಂದು ಕೇಳುತ್ತಾರೆ, ಗಣಿತ ಅದೇ. ವಾರಂಟಿ ಮುಗಿಯುವವರೆಗೆ ಕೆಡದ ಭಾಗವನ್ನು 'ಕೆಡುವುದೇ ಇಲ್ಲ' ಎಂದು ಬರೆದುಕೊಳ್ಳುವಂತಿಲ್ಲ, ಲೆಕ್ಕದಿಂದ ಕೈಬಿಡುವಂತೆಯೂ ಇಲ್ಲ. ಇನ್ನೂ ತೀರದ, ಇನ್ನೂ ತಪ್ಪದ ಸಾಲದ ಸಮಸ್ಯೆಯೂ ಅದೇ. ನೀವು ಉತ್ಪಾದನೆಯ ಬ್ಯಾಚ್‌ವಾರು ದೋಷ ನೋಡುವಂತೆ ಅವರು ಒಂದೇ ತ್ರೈಮಾಸಿಕದಲ್ಲಿ ಕೊಟ್ಟ ಸಾಲಗಳನ್ನು ಒಂದು ಗುಂಪಾಗಿಸಿ ವರ್ಷಗಟ್ಟಲೆ ಹಿಂಬಾಲಿಸುತ್ತಾರೆ.

ಹೋಲಿಕೆ ಒಂದು ಕಡೆ ಮುರಿಯುತ್ತದೆ. ಸಂದರ್ಶನದಲ್ಲಿ ಅದನ್ನು ನೀವಾಗಿಯೇ ಹೇಳಿದರೆ ಎದುರಿಗಿರುವವರು ನೆಟ್ಟಗೆ ಕೂರುತ್ತಾರೆ. ಒಂದು ಬೇರಿಂಗ್ ಕೆಟ್ಟಿತೆಂದು ಇನ್ನೊಂದು ವಾಹನದ ಬೇರಿಂಗ್ ಕೆಡುವುದಿಲ್ಲ. ಸಾಲಗಳು ಹಾಗಲ್ಲ. ಊರಿನ ಕಾರ್ಖಾನೆ ಮುಚ್ಚಿದರೆ ಅಲ್ಲಿ ದುಡಿಯುತ್ತಿದ್ದವರ ಕಂತುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಈ ಪರಸ್ಪರ ಸಂಬಂಧವನ್ನು ಅಳೆಯಲು ಡೇವಿಡ್ ಲಿ ಎಂಬ ಗಣಿತಜ್ಞ 2000ದಲ್ಲಿ ಪ್ರಕಟಿಸಿದ ಲೇಖನ, ಇದೇ ಬದುಕುಳಿಯುವ ಕಾಲದ ಲೆಕ್ಕದಿಂದ ಹೊರಟು ಒಂದು ಸುಲಭ ಸೂತ್ರ ಕೊಟ್ಟಿತು. ಮಾರುಕಟ್ಟೆ ಅದನ್ನು ಅಳತೆ ಮೀರಿ ನಂಬಿತು. 2008ರಲ್ಲಿ ಅಮೆರಿಕದ ಗೃಹಸಾಲಗಳು ಒಟ್ಟಾಗಿ ಕುಸಿದಾಗ ಆ ನಂಬಿಕೆಯೂ ಕುಸಿಯಿತು.

ನಮ್ಮಲ್ಲಿ ದೊಡ್ಡ ಬ್ಯಾಂಕೇತರ ಹಣಕಾಸು ಸಂಸ್ಥೆಗಳು 2018ರಿಂದ, ಸಾಲ ಕೆಟ್ಟ ಮೇಲೆ ನಷ್ಟ ಬರೆಯುವುದನ್ನು ಬಿಟ್ಟು ಮುಂದೆ ಆಗಬಹುದಾದ ನಷ್ಟವನ್ನು ಮೊದಲೇ ಅಂದಾಜಿಸಿ ಹಣ ತೆಗೆದಿಡುತ್ತಿವೆ. ಬ್ಯಾಂಕುಗಳನ್ನೂ ಆ ಪದ್ಧತಿಗೆ ತರಲು ರಿಸರ್ವ್ ಬ್ಯಾಂಕ್ ಹೊರಟಿದೆ. ಆ ಅಂದಾಜು ಮಾಡುವವರು ಬೇಕು. ಬಜಾಜ್ ಫೈನಾನ್ಸ್‌ನಂಥ ದೊಡ್ಡ ಸಂಸ್ಥೆಯ ಪ್ರಧಾನ ಕಚೇರಿ ನಿಮ್ಮ ಪುಣೆಯಲ್ಲೇ ಇದೆ. ವಾಹನ ಸಾಲದ ಅಪಾಯ ಅಳೆಯುವ ತಂಡಕ್ಕೆ, ವಾಹನವನ್ನೂ ಅದರ ಆಯುಷ್ಯದ ಲೆಕ್ಕವನ್ನೂ ಬಲ್ಲವನೊಬ್ಬ ಬಂದರೆ ಅವನ ಅನುಭವ ವ್ಯರ್ಥವಾಗುವುದಿಲ್ಲ. ಆಪ್ಷನ್ ಬೆಲೆ ಕಟ್ಟುವ ಕೆಲಸಕ್ಕಿರುವ ಬೆಡಗು ಇದಕ್ಕಿಲ್ಲ, ನಿಜ. ಆದರೆ ನಿಮ್ಮ ನಾಲ್ಕು ವರ್ಷ ನೇರವಾಗಿ ಲೆಕ್ಕಕ್ಕೆ ಬರುವ ಬಾಗಿಲು ಇದೇ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಈಗ ಪದವಿಯ ಮಾತು. ಅಮೆರಿಕದಲ್ಲಿ ಕಾರ್ನೆಗಿ ಮೆಲನ್, ಪ್ರಿನ್ಸ್‌ಟನ್, ಬರ್ಕ್ಲಿ, ನ್ಯೂಯಾರ್ಕ್‌ನ ಬರೂಕ್ ಕಾಲೇಜು ಈ ವಿಷಯಕ್ಕೆ ಹೆಸರಾದವು. ಸರ್ಕಾರಿ ವಿಶ್ವವಿದ್ಯಾಲಯದ ಭಾಗವಾದ ಬರೂಕ್‌ನಲ್ಲಿ ಶುಲ್ಕ ಕಡಿಮೆ, ಹಾಗೆಯೇ ಸೀಟುಗಳೂ ಬಹಳ ಕಡಿಮೆ. ಉಳಿದ ಹೆಸರಾಂತ ಕೋರ್ಸ್‌ಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಸೇರಿ 1 ಲಕ್ಷ ಡಾಲರ್ ದಾಟುವುದು ಸಾಮಾನ್ಯ. 80 ಲಕ್ಷ ರೂಪಾಯಿ ಸಾಲ, ಶೇ. 11 ಬಡ್ಡಿ, ಹತ್ತು ವರ್ಷದ ಮರುಪಾವತಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 1 ಲಕ್ಷದ 10 ಸಾವಿರ ರೂಪಾಯಿ. ಓದುವ ಕಾಲದ ಬಡ್ಡಿ ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರಿ ಕಂತು ಇನ್ನೂ ಏರುತ್ತದೆ. ಡಾಲರ್ ಸಂಬಳದಲ್ಲಿ ಇದು ಭಾರವಲ್ಲ. ಅಲ್ಲಿ ಕೆಲಸ ಸಿಗದೆ ಮರಳಿ ಪುಣೆಗೋ ಮುಂಬೈಗೋ ಬಂದರೆ ಇದೇ ಕಂತು ಸಂಬಳದ ಬಹುಭಾಗವನ್ನು ನುಂಗುತ್ತದೆ. ಗಣಿತ-ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸ್ ಮುಗಿಸಿದವರಿಗೆ ಅಲ್ಲಿ 12 ತಿಂಗಳು, ಮೇಲೆ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಆಮೇಲಿನ ಎಚ್-1ಬಿ ವೀಸಾ ಲಾಟರಿಯ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ್ದನ್ನು ನೀವೂ ಓದಿರುತ್ತೀರಿ. ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂಬ ವಿವರಗಳಿವೆ, ಆದರೆ ನಿಯಮ ರಾತ್ರೋರಾತ್ರಿ ಬದಲಾಗಬಹುದು ಎಂಬುದನ್ನು ಅದು ತೋರಿಸಿತು. ನಿಮ್ಮ ತಂದೆಯವರ ಇಳಿವಯಸ್ಸಿನ ಸೂರನ್ನು ಬೇರೊಂದು ದೇಶದ ವೀಸಾ ನಿಯಮದ ಮೇಲೆ ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ. ಗೋಡೆಗಳ ಮೇಲಿನ ಜಾಹೀರಾತಿನ 'ಸರಾಸರಿ ಸಂಬಳ' ನೋಡಿ ಹೊರಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ವಿದ್ಯಾರ್ಥಿವೇತನ ಸಿಕ್ಕಿ ಸಾಲ ಅರ್ಧಕ್ಕಿಳಿದರೆ, ಕಂಪನಿಯೊಂದರ ಖಚಿತ ಭರವಸೆ ಇದ್ದರೆ ಮಾತು ಬೇರೆ. ಹೊರಡುವುದಾದರೆ ಕೋರ್ಸ್‌ನವರಿಗೆ ಪತ್ರ ಬರೆದು ಕೇಳಿ: ಅಮೆರಿಕದ ಪೌರತ್ವವಿಲ್ಲದ, ಹಣಕಾಸು ಕ್ಷೇತ್ರದ ಅನುಭವವಿಲ್ಲದ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ, ಯಾವ ಬಗೆಯ ಕೆಲಸ ಸಿಕ್ಕಿತು? ಉತ್ತರ ಕೊಡದ ಕೋರ್ಸ್ ಕೂಡ ಒಂದು ಉತ್ತರ ಕೊಟ್ಟಂತೆಯೇ.

ಭಾರತದಲ್ಲಿ ನಾನು ನಿಮಗೆ ಮೊದಲು ಹೇಳುವುದು ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮತ್ತು ಆಪರೇಷನ್ಸ್ ರಿಸರ್ಚ್ ವಿಭಾಗದ ಎಂ.ಟೆಕ್. ಪವಾಯಿಯ ಈ ವಿಭಾಗಕ್ಕೆ ಮೆಕ್ಯಾನಿಕಲ್‌ನವರು ಗೇಟ್ ಪ್ರವೇಶ ಪರೀಕ್ಷೆಯ ಮೂಲಕ ಹೋಗಬಹುದು. ಅಲ್ಲಿ ಸಂಭವನೀಯತೆ, ಆಪ್ಟಿಮೈಸೇಷನ್, ಸ್ಟೋಕಾಸ್ಟಿಕ್ (ಯಾದೃಚ್ಛಿಕ) ಮಾದರಿಗಳನ್ನು ಗಟ್ಟಿಯಾಗಿ ಕಲಿಸುತ್ತಾರೆ. ಬೋಧನಾ ಸಹಾಯಕರ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಸಾಲ ಮಾಡಿ ಓದುವುದಕ್ಕೂ, ಸಣ್ಣದಾದರೂ ಸಂಭಾವನೆ ಪಡೆದು ಓದುವುದಕ್ಕೂ ಮನಸ್ಸಿನ ಮೇಲಿನ ಭಾರದಲ್ಲಿ ಅಜಗಜಾಂತರ. ಗೇಟ್ ಅಂಕ ಮೂರು ವರ್ಷ ಮಾನ್ಯ. ಮೆಕ್ಯಾನಿಕಲ್ ಜೊತೆಗೆ ಇನ್ನೊಂದು ಪತ್ರಿಕೆ ಬರೆಯಲು ಅನುಮತಿಸುವ ಜೋಡಿಗಳಿವೆ. 2024ರಿಂದ ಡೇಟಾ ಸೈನ್ಸ್ ಪತ್ರಿಕೆ ಬಂದಿದೆ, ಅದರ ಪಠ್ಯದಲ್ಲಿ ಸಂಭವನೀಯತೆಗೆ ದೊಡ್ಡ ಪಾಲು. ಆ ತಯಾರಿಯೇ ನಿಮ್ಮ ಕೊರತೆಯ ಅರ್ಧವನ್ನು ತುಂಬುತ್ತದೆ.

ಎರಡನೆಯದು ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಅಲ್ಲಿನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಸ್ನಾತಕೋತ್ತರ ಪದವಿ ಎಂಜಿನಿಯರುಗಳಿಗೂ ತೆರೆದಿದೆ. ಪ್ರವೇಶ ಪರೀಕ್ಷೆ ಕಠಿಣ, ಪಾಠ ಇನ್ನೂ ಕಠಿಣ. ಅಲ್ಲಿಂದ ಬಂದವರ ಜೊತೆ ಕೆಲಸ ಮಾಡುವಾಗ ಅವರ ತರ್ಕದ ಬಿಗಿಯನ್ನು ನಾನು ಕಂಡಿದ್ದೇನೆ.

ನಿಮ್ಮ ಕೋಣೆಗೆ ಹತ್ತಿರದ್ದೆಂದರೆ ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್, 1930ರಲ್ಲಿ ಆರಂಭವಾದದ್ದು. ಅಲ್ಲಿ ಫೈನಾನ್ಷಿಯಲ್ ಎಕನಾಮಿಕ್ಸ್‌ನಲ್ಲಿ ಎಂ.ಎಸ್ಸಿ. ಇದೆ. ಭೋಸರಿಯ ನಾಶಿಕ್ ಫಾಟಾದಲ್ಲಿ ಮೆಟ್ರೊ ಹತ್ತಿ ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಬದಲಿಸಿದರೆ ಡೆಕ್ಕನ್ ಜಿಮಖಾನಾ ತಲುಪುತ್ತೀರಿ. ಒಂದು ಶನಿವಾರ ಹೋಗಿ ಅಲ್ಲಿನ ವಿದ್ಯಾರ್ಥಿಗಳನ್ನು ಮಾತಾಡಿಸಿ. ಎಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶಕ್ಕೆ ಸಂಖ್ಯಾಶಾಸ್ತ್ರ ಅನ್ವಯಿಸುವ ವಿದ್ಯೆ) ಎಷ್ಟು, ಸಂಭವನೀಯತೆ ಎಷ್ಟು, ಹೊರಬಿದ್ದವರು ಎಲ್ಲಿದ್ದಾರೆ ಎಂದು ಕೇಳಿ. ಸಾಲದ ಅಪಾಯದ ಕೆಲಸಕ್ಕೆ ಎಕನಾಮೆಟ್ರಿಕ್ಸ್ ಬಹಳ ಉಪಯೋಗ. ಡೆರಿವೇಟಿವ್ ಬೆಲೆಯ ಕೆಲಸಕ್ಕೆ ಅಷ್ಟೇ ಸಾಲದು. ಎಫ್‌ಆರ್‌ಎಂ (ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್) ಪ್ರಮಾಣಪತ್ರದ ಬಗ್ಗೆಯೂ ಕೇಳುವವರಿದ್ದಾರೆ: ರಿಸ್ಕ್ ವಿಭಾಗದ ಪರಿಭಾಷೆ ಕಲಿಯಲು ಅದು ಒಳ್ಳೆಯದು, ಮಾದರಿ ಕಟ್ಟುವುದನ್ನು ಕಲಿಸುವುದಿಲ್ಲ.

ಅರ್ಜಿ ಹಾಕುವ ಮೊದಲು ಆರು ತಿಂಗಳು ಮಾಡಬೇಕಾದ ಕೆಲಸವಿದೆ. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಐಐಟಿ ಗುವಾಹಟಿಯ ಪ್ರಾಧ್ಯಾಪಕರ ಗಣಿತೀಯ ಹಣಕಾಸಿನ ಪಾಠಗಳು ಉಚಿತವಾಗಿವೆ. ಅದಕ್ಕೂ ಮೊದಲು ಸಂಭವನೀಯತೆಯ ಪಾಠ ಮುಗಿಸಿ, ಪ್ರತಿ ಅಧ್ಯಾಯದ ಲೆಕ್ಕಗಳನ್ನು ಕೈಯಿಂದ ಬಿಡಿಸಿ. ವಿಡಿಯೊ ನೋಡಿ ತಲೆಯಾಡಿಸಿದರೆ ಏನೂ ಅಂಟುವುದಿಲ್ಲ.

ಜೊತೆಗೆ ಒಂದು ಯೋಜನೆ ಮಾಡಿ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಪ್ರತಿದಿನ ಸಂಜೆ 'ಭಾವ್‌ಕಾಪಿ' ಎಂಬ ಬೆಲೆಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ನಿಫ್ಟಿ ಆಪ್ಷನ್‌ಗಳ ಬೆಲೆ ತೆಗೆದುಕೊಳ್ಳಿ. ಬ್ಲ್ಯಾಕ್-ಶೋಲ್ಸ್ ಸೂತ್ರದೊಳಗೆ ಯಾವ ಏರಿಳಿತ ಹಾಕಿದರೆ ಈ ಬೆಲೆ ಬರುತ್ತದೆ ಎಂದು ಊಹೆಯನ್ನು ಹಂತಹಂತವಾಗಿ ತಿದ್ದುವ ನ್ಯೂಟನ್-ರಾಫ್ಸನ್ ವಿಧಾನದಿಂದ ಪೈಥಾನ್‌ನಲ್ಲಿ ಹುಡುಕಿ. ಸೂಚ್ಯಂಕದ ಮಟ್ಟದ ಬದಲು ಅದೇ ದಿನ ಮುಗಿಯುವ ಫ್ಯೂಚರ್ಸ್ ಬೆಲೆ ಬಳಸಿದರೆ ಡಿವಿಡೆಂಡ್ ಮತ್ತು ಬಡ್ಡಿಯ ತಲೆಬಿಸಿ ಬಹುಪಾಲು ತಪ್ಪುತ್ತದೆ. ಕೆಲವು ಆಪ್ಷನ್‌ಗಳಲ್ಲಿ ಲೆಕ್ಕ ನಿಲ್ಲದೆ ಎತ್ತಲೋ ಓಡುತ್ತದೆ. ಅಲ್ಲಿ ನಿಲ್ಲಿ. ಒಪ್ಪಂದದ ನಿಗದಿತ ಬೆಲೆ ಮಾರುಕಟ್ಟೆ ಬೆಲೆಯಿಂದ ಬಹುದೂರವಿರುವ ಆಪ್ಷನ್‌ಗಳ ಬೆಲೆ ಏರಿಳಿತಕ್ಕೆ ಬಹುತೇಕ ಸ್ಪಂದಿಸುವುದೇ ಇಲ್ಲ; ಸೊನ್ನೆಗೆ ಹತ್ತಿರದ ಇಳಿಜಾರಿನಿಂದ ಭಾಗಿಸಿದರೆ ನ್ಯೂಟನ್ ಕೈಕೊಡುತ್ತದೆ. ಕಾಲ್ (ಕೊಳ್ಳುವ ಹಕ್ಕು) ಮತ್ತು ಪುಟ್ (ಮಾರುವ ಹಕ್ಕು) ಬೆಲೆಗಳು ಒಂದಕ್ಕೊಂದು ಹೊಂದದಿದ್ದರೆ, ಹೆಚ್ಚು ವಹಿವಾಟಿಲ್ಲದ ಆಪ್ಷನ್‌ನ ಕೊನೆಯ ವ್ಯವಹಾರ ಮಧ್ಯಾಹ್ನವೇ ಆಗಿ ಹೋಗಿರಬಹುದು. ಎಲ್ಲ ಸರಿಪಡಿಸಿದ ಮೇಲೆ ಏರಿಳಿತದ ನಕ್ಷೆ ಸಮತಟ್ಟಾಗಿರುವುದಿಲ್ಲ, ಕುಸಿತದ ಕಡೆ ಮೇಲಕ್ಕೇಳುತ್ತದೆ. ಸೂತ್ರದ ಪ್ರಕಾರ ಅದು ಸಮತಟ್ಟಾಗಿರಬೇಕಿತ್ತು. ಏಕಿಲ್ಲ ಎಂಬುದಕ್ಕೆ ನಾಲ್ಕು ಪುಟ ಬರೆಯಿರಿ. ಆ ನಾಲ್ಕು ಪುಟ ಸಂದರ್ಶನದಲ್ಲಿ ಪ್ರಮಾಣಪತ್ರಗಳ ಕಟ್ಟಿಗಿಂತ ಹೆಚ್ಚು ತೂಗುತ್ತವೆ. ಸಾಲದ ದಾರಿ ಹಿಡಿಯುವುದಾದರೆ ಇದೇ ಶ್ರದ್ಧೆಯಿಂದ ಸಾರ್ವಜನಿಕವಾಗಿ ಲಭ್ಯವಿರುವ ಸಾಲದ ದತ್ತಾಂಶದ ಮೇಲೆ ವೈಬುಲ್ ಪ್ರಯೋಗಿಸಿ. ನಿಮ್ಮ ಕಂಪನಿಯ ವಾರಂಟಿ ಅಂಕಿಅಂಶಗಳನ್ನು ಮಾತ್ರ ಯಾರಿಗೂ ತೋರಿಸಬೇಡಿ. ಗೌಪ್ಯತೆ ಕಾಯದವನಿಗೆ ಬ್ಯಾಂಕ್ ತನ್ನ ಬಾಗಿಲು ತೆರೆಯುವುದಿಲ್ಲ.

ರೂಮಿನ ಗೆಳೆಯರ ವ್ಯವಹಾರದಿಂದ ದೂರವಿರಿ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಜನ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಲಾಭ ಮಾಡಿದ ದೊಡ್ಡ ಸಂಸ್ಥೆಗಳ ಗಳಿಕೆ ಬಹುತೇಕ ಯಾಂತ್ರಿಕ ಅಲ್ಗಾರಿದಮ್‌ಗಳಿಂದ ಬಂದದ್ದು. ಓದಿಗೆಂದು ಕೂಡಿಟ್ಟ ಹಣವನ್ನು ಅಲ್ಲಿ ಹಾಕಬೇಡಿ, 'ಅನುಭವಕ್ಕಾಗಿ' ಎಂಬ ನೆಪದಲ್ಲೂ ಬೇಡ. ಅನುಭವ ಬೇಕಾದರೆ ಕಾಗದದ ಮೇಲೆ ವ್ಯವಹಾರ ಮಾಡಿ ಲೆಕ್ಕ ಇಡಿ.

ಕೊನೆಯ ಪ್ರಶ್ನೆ, ವಯಸ್ಸು. ಭೌತವಿಜ್ಞಾನಿ ಇಮ್ಯಾನ್ಯುಯೆಲ್ ಡರ್ಮನ್ ಬೆಲ್ ಪ್ರಯೋಗಾಲಯ ಬಿಟ್ಟು 1985ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದಾಗ ನಲವತ್ತರ ಹೊಸ್ತಿಲಲ್ಲಿದ್ದರು. ಬಡ್ಡಿದರಗಳ ಮಾದರಿಗಳಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. 27 ತಡವಲ್ಲ. ಆದರೆ ಮುಂದಿನ ಫೆಬ್ರವರಿಯ ಗೇಟ್‌ಗೆ ಅರ್ಜಿ ಹಾಕುವ ಅವಧಿ ಸಾಮಾನ್ಯವಾಗಿ ಆಗಸ್ಟ್ ಕೊನೆಯಲ್ಲಿ ತೆರೆಯುತ್ತದೆ. ಅದನ್ನು ತಪ್ಪಿಸಿಕೊಂಡರೆ ಒಂದು ವರ್ಷ ಹೋದಂತೆ. ಓದಿಗೆ ಸೇರುವವರೆಗೆ ಈಗಿನ ಕೆಲಸ ಬಿಡಬೇಡಿ, ನೋಟಿಸ್ ಅವಧಿ ಎಷ್ಟೆಂದು ನೇಮಕಾತಿ ಪತ್ರ ತೆಗೆದು ನೋಡಿಕೊಳ್ಳಿ. ಸಾಧ್ಯವಾದರೆ ನಿಮ್ಮ ಮೇಲಧಿಕಾರಿಯನ್ನು ಕೇಳಿ, ವಾರಂಟಿ ದತ್ತಾಂಶ ವಿಶ್ಲೇಷಣೆಯ ಹೊಣೆಯನ್ನು ಇನ್ನಷ್ಟು ಹೊತ್ತುಕೊಳ್ಳಿ. ಗೇಟ್ ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ಮತ್ತು ಆ ನಾಲ್ಕು ಪುಟಗಳ ಜೊತೆ ಮತ್ತೆ ಬರೆಯಿರಿ. ಯಾವ ವಿಭಾಗಕ್ಕೆ ಯಾವ ಕ್ರಮದಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಆಗ ಒಟ್ಟಿಗೆ ಕೂತು ನೋಡೋಣ.